ಹೂ ಬಿಟ್ಟಿದೆಯಾ? ಚಿವುಟಿ ಹಾಕಿ

ಜನವರಿ ಬಂತೆಂದರೆ ನನ್ನ ಫೋನಿಗೆ ರೈತರಿಂದ ಒಂದೇ ಥರದ ಫೋಟೊಗಳು ಬರುತ್ತವೆ. ಸೊಂಟದೆತ್ತರದ ಆಪೂಸ್ ಮಾವಿನ ಗಿಡ, ಅದರ ತುದಿಯಲ್ಲಿ ಹೂವಿನ ಗೊಂಚಲು. ಜೊತೆಗೆ ಒಂದು ವಾಯ್ಸ್ ಮೆಸೇಜು: "ಸರ್ರ, ಹಚ್ಚಿ ಎರಡ ವರ್ಷನೂ ಆಗಿಲ್ರಿ, ಆಗ್ಲೇ ಹೂ ಬಿಟ್ಟೈತಿ ನೋಡ್ರಿ!" ಅವರ ಖುಷಿ ಕೆಡಿಸೋಕೆ ನನಗೂ ಬೇಜಾರೇ. ಆದರೂ ಹೇಳುತ್ತೇನೆ, ಚಿವುಟಿ ಹಾಕ್ರಿ.

ಕಸಿ ಗಿಡ ಬೇಗ ಹೂ ಬಿಡೋದರಲ್ಲಿ ವಿಶೇಷ ಏನಿಲ್ಲ. ಕಸಿ ಕಡ್ಡಿ ಬಂದಿದ್ದು ಫಲ ಕೊಡುವ ದೊಡ್ಡ ಮರದಿಂದ. ಕಡ್ಡಿ ಹಳೆಯದು, ಬೇರು ಮಾತ್ರ ಹೊಸದು. ಕೈತುಂಬ ಎಲೆಯೂ ಇಲ್ಲದ ಗಿಡ ನಾಲ್ಕು ಕಾಯಿ ಹೊತ್ತರೆ, ಎಲೆ ದುಡಿದಿದ್ದೆಲ್ಲ ಕಾಯಿಗೇ ಹೋಗುತ್ತದೆ. ಆ ವರ್ಷ ಚಿಗುರೂ ಇಲ್ಲ, ಬೇರೂ ಇಲ್ಲ. ಮೊದಲ 3 ವರ್ಷ ಗೊಂಚಲು ಬೆರಳುದ್ದ ಇರುವಾಗಲೇ ತೆಗೆಯಿರಿ. ಐದನೇ ವರ್ಷಕ್ಕೆ ನಿಜವಾದ ಫಸಲು ಬೇಕಾದರೆ ಇದೇ ದಾರಿ.

ಅಷ್ಟರಲ್ಲಿ ಗಿಡಕ್ಕೆ ಮೈ ಕಟ್ಟಬೇಕು. ಕಾಂಡ 60-70 ಸೆಂ.ಮೀ. ದಾಟಿದಾಗ ತುದಿ ಕತ್ತರಿಸಿ. ಎಲ್ಲಿ ಕತ್ತರಿಸುತ್ತೀರಿ ಅನ್ನೋದು ಮುಖ್ಯ. ಮಾವಿನಲ್ಲಿ ಎಲೆಗಳು ಗುಂಪಾಗಿ ಕೂತ ಗಂಟು ಇರುತ್ತದೆ, ನೋಡಿದ್ದೀರಲ್ವಾ? ಅದರ ಮೇಲೆ ಕತ್ತರಿಸಿದರೆ ಒಂದೇ ಕಡೆಯಿಂದ ಐದಾರು ಕೊಂಬೆ ಒತ್ತಾಗಿ ಹೊರಡುತ್ತವೆ. ಮುಂದೆ ಕಾಯಿ ಭಾರಕ್ಕೆ ಅಲ್ಲೇ ಸೀಳುತ್ತವೆ. ಗಂಟಿನ ಕೆಳಗೆ ಕತ್ತರಿಸಿದರೆ ಕೊಂಬೆಗಳು ಬಿಡಿಬಿಡಿಯಾಗಿ ಬರುತ್ತವೆ. ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರ್ನಾಲ್ಕು ಇಟ್ಟುಕೊಂಡು ಉಳಿದಿದ್ದು ತೆಗೆಯಿರಿ.

ಕಲಘಟಗಿ ಕಡೆಯ ಒಂದು ತೋಟದಲ್ಲಿ ನಾನೇ ಎಡವಿದ್ದೆ. ಗಿಡಗಳು ಹುಲುಸಾಗಿ ಬೆಳೆದಿದ್ದವು, ಹೋದಾಗಲೆಲ್ಲ ಭೇಷ್ ಅಂದು ಬರುತ್ತಿದ್ದೆ. ಕಾಯಿ ಬಿಟ್ಟಾಗ ನೋಡಿದರೆ ಹಲವು ಗಿಡಗಳಲ್ಲಿ ನಾರಿನ ಹುಳಿಮಾವು! ಕಸಿ ಕಡ್ಡಿ ಯಾವಾಗಲೋ ಒಣಗಿ, ಕೆಳಗಿನ ನಾಟಿ ಬೇರಿನ ಚಿಗುರೇ ಮರವಾಗಿತ್ತು. ಬಗ್ಗಿ ಕಸಿಗಂಟು, ಅಂದರೆ ಕಡ್ಡಿ ಬೇರಿನ ಗಿಡಕ್ಕೆ ಕೂಡಿದ ಜಾಗ, ನೋಡಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಈಗ ಯಾವ ತೋಟಕ್ಕೆ ಹೋದರೂ ಮೊದಲು ಬಗ್ಗುತ್ತೇನೆ. ಕಸಿಗಂಟಿನ ಕೆಳಗೆ ಚಿಗುರಿದ್ದರೆ ಕೀಳುತ್ತೇನೆ. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ಬಿಚ್ಚುತ್ತೇನೆ. ಅದು ಕಾಂಡದ ಕತ್ತು ಹಿಸುಕುತ್ತದೆ. ಹಚ್ಚುವಾಗಲೂ ಕಸಿಗಂಟು ಮಣ್ಣಿನ ಮೇಲೇ ಇರಲಿ.

ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಧಾರವಾಡದ ಪಶ್ಚಿಮಕ್ಕಿರುವ ಮಸಾರಿ, ಅಂದರೆ ಕೆಂಪು ಮಣ್ಣು, ಮಾವಿಗೆ ಒಳ್ಳೆಯದು, ನೀರು ನಿಲ್ಲುವುದಿಲ್ಲ. ನವಲಗುಂದದ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಹಾಗಲ್ಲ. ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಅಲ್ಲಿಂದ ಯಾರಾದರೂ ಕೇಳಿದರೆ, ಸುಮ್ನೆ ಕಡಲೆ ಬಿತ್ತಿ ಅನ್ನುತ್ತೇನೆ.

ಕುಣಿ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ಊಟ ಬಡಿಸಿದಂತೆ. ಜೂನ್-ಜುಲೈಯಲ್ಲಿ ಮಳೆ ಹಿಡಿದ ಮೇಲೆ ಹಚ್ಚಿ, ಗೂಟಕ್ಕೆ ಸಡಿಲವಾಗಿ ಕಟ್ಟಿ. ಸಾಲಿನ ನಡುವೆ ಶೇಂಗಾ, ಹೆಸರು ಬೆಳೆಯಬಹುದು. ಗೋವಿನಜೋಳ ಮಾತ್ರ ಬೇಡ. ಆಳೆತ್ತರದ ಬೆಳೆಯ ನಡುವೆ ಸಸಿ ಬಿಸಿಲು ಕಾಣದೆ ಸೊರಗುತ್ತದೆ. ಮೊದಲ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಸಸಿ ಜಾಸ್ತಿ ಸಾಯುವುದು ಆಗಲೇ.

ಅಂತರದ ಲೆಕ್ಕ ಸುಲಭ. 10 ಮೀಟರ್ ಚೌಕಕ್ಕೆ ಎಕರೆಗೆ 40 ಗಿಡ, 5 ಮೀಟರ್ ಚೌಕಕ್ಕೆ 160. ಒತ್ತಾಗಿ ಹಚ್ಚಿದರೆ ಮೊದಲ ವರ್ಷಗಳ ಫಸಲು ಜಾಸ್ತಿ, ನಿಜ. ಆದರೆ ಪ್ರತಿ ವರ್ಷ ಕಾಯಿ ಕಿತ್ತ ಕೂಡಲೇ ಕತ್ತರಿ ಆಡಿಸಬೇಕು. ಕೊಂಬೆ ಕತ್ತರಿಸುವಾಗ ಕೈ ನಡುಗುವವರು ದೂರ ದೂರವೇ ಹಚ್ಚಲಿ.

ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸರ್ರ, ಹೂವಿನ ಔಷಧ ಬುಡಕ್ಕ ಹಾಕ್ಲೇನ್ರಿ?" ಪ್ಯಾಕ್ಲೊಬ್ಯುಟ್ರಜಾಲ್ ಬಗ್ಗೆ ಕೇಳುತ್ತಿರುತ್ತಾರೆ. ಅದು ಚಿಗುರಿನ ಓಟ ತಡೆದು ಗಿಡವನ್ನು ಹೂವಿನ ಕಡೆ ತಿರುಗಿಸುತ್ತದೆ. ಮೈತುಂಬ ಬೆಳೆದ ಮರಕ್ಕೆ ಸರಿ. ಮೂರು ವರ್ಷದ ಗಿಡಕ್ಕೆ ಬೇಕಿರುವುದೇ ಚಿಗುರು, ಅದನ್ನೇ ತಡೆದರೆ ಹೇಗೆ? ಆ ಡಬ್ಬಿಯ ದುಡ್ಡಲ್ಲಿ ಒಂದು ಒಳ್ಳೆ ಕತ್ತರಿ ತಗೊಳ್ಳಿ ಅನ್ನುತ್ತೇನೆ.