ಸುಕ್ಕಿನ ಸೂಜಿಗೆ ಮೊದಲು ಕನ್ನಡಿ ಮುಂದೆ ಒಮ್ಮೆ ನಿಲ್ಲಿ

"ಮೇಡಂ ರೀ, ಬಾಟ್ಲಿ ಖಾಲಿ ಅದಲ್ರೀ!"

ಕಲಬುರಗಿಯ ನನ್ನ ಕ್ಲಿನಿಕ್‌ಗೆ ಬಂದಿದ್ದ ಒಬ್ಬ ಶಿಕ್ಷಕಿ ಹೀಗೆ ಗಾಬರಿಯಾದರು. ಮುಖದ ಸುಕ್ಕಿಗೆ ಸೂಜಿಯಲ್ಲಿ ಹಾಕುವ ಬೊಟಾಕ್ಸ್ ಎಂಬ ಔಷಧದ ಬಾಟಲಿಯನ್ನು ಅವರ ಕೈಗೇ ಕೊಟ್ಟಿದ್ದೆ. ಬೆಳಕಿಗೆ ಹಿಡಿದರೂ ತಳದಲ್ಲಿ ತೆಳ್ಳನೆಯ ಬಿಳಿ ಪೊರೆಯಂಥದ್ದು ಬಿಟ್ಟರೆ ಏನೂ ಕಾಣುವುದಿಲ್ಲ. 100 ಯೂನಿಟ್ ಔಷಧ ಅಂದರೆ ಅಷ್ಟೇ. ಯೂನಿಟ್ ಅಂದರೆ ಈ ಔಷಧದ ಶಕ್ತಿಯ ಅಳತೆ. ಅವರ ಎದುರೇ ಸಲೈನ್ ತುಂಬಿದ ಸಿರಿಂಜನ್ನು ರಬ್ಬರ್ ಮುಚ್ಚಳಕ್ಕೆ ಚುಚ್ಚಿದೆ. ನಾನು ಒತ್ತಲಿಲ್ಲ. ಬಾಟಲಿಯೇ ಸಲೈನನ್ನು ಒಳಗೆ ಎಳೆದುಕೊಂಡಿತು. ಒಳಗಿನ ಗಾಳಿಯನ್ನೆಲ್ಲ ತೆಗೆದು ಮುಚ್ಚಿರುತ್ತಾರೆ, ಅದಕ್ಕೇ ಹಾಗೆ. ಎಳೆದುಕೊಳ್ಳದಿದ್ದರೆ ಆ ಬಾಟಲಿಯನ್ನು ಬಳಸಬಾರದು.

ನಿಮ್ಮ ಮುಖಕ್ಕೆ ಸೂಜಿ ಹಾಕುವ ಮೊದಲು ಇಷ್ಟನ್ನು ನೀವು ಕಣ್ಣಾರೆ ನೋಡಬೇಕು. ಮೊದಲೇ ಸಿರಿಂಜಿಗೆ ತುಂಬಿಟ್ಟದ್ದನ್ನು ಟ್ರೇನಲ್ಲಿ ತಂದರೆ ಬೇಡ ಅನ್ನಿ. ಬಾಟಲಿ ತೋರಿಸಿ ಅಂತ ಕೇಳಿದರೆ ಒಳ್ಳೆ ಡಾಕ್ಟರ್ ಸಿಟ್ಟಾಗುವುದಿಲ್ಲ.

ಈಗ ನಮ್ಮ ಊರಲ್ಲೂ ಈ ಸೂಜಿ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಮೊದಲು ಇದಕ್ಕಾಗಿ ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗುತ್ತಿದ್ದರು. ಬರುವವರಲ್ಲಿ ಎಷ್ಟೋ ಮಂದಿಗೆ ನಾನು ಸೂಜಿ ಹಾಕದೆ ವಾಪಸ್ ಕಳಿಸುತ್ತೇನೆ. ಅವರ ಸುಕ್ಕಿಗೆ ಇದು ಮದ್ದೇ ಅಲ್ಲ, ಅದಕ್ಕೆ.

ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ಕನ್ನಡಿ ಮುಂದೆ ನಿಂತು ಸಿಟ್ಟು ಬಂದವರ ಹಾಗೆ ಹುಬ್ಬು ಗಂಟಿಕ್ಕಿ. ನಡುವೆ ಎರಡು ಗೆರೆ ಬಿತ್ತಲ್ವಾ? ಈಗ ಮುಖ ಸಡಿಲ ಬಿಡಿ. ಗೆರೆ ಹೋಯಿತಾ, ಇದೆಯಾ? ಹೋದರೆ ಅದು ಸ್ನಾಯು ಎಳೆದು ಮಾಡಿದ ಗೆರೆ. ಈ ಸೂಜಿ ಕೆಲಸ ಮಾಡುವುದು ಅಲ್ಲಿ. ಮುಖ ಸುಮ್ನೆ ಇದ್ದಾಗಲೂ ಗೆರೆ ಹಾಗೇ ಕೂತಿದ್ದರೆ ಚರ್ಮವೇ ಮಡಚಿದೆ ಎಂದರ್ಥ. ಸೂಜಿ ಅದನ್ನು ಸ್ವಲ್ಪ ಮೆತ್ತಗೆ ಮಾಡಬಹುದು, ಅಳಿಸುವುದಿಲ್ಲ.

ಇದು ಮಾಡುವ ಕೆಲಸ ಒಂದೇ. ಮಿದುಳಿನ ಹುಕುಂ ನರದ ತುದಿಗೆ ಬಂದಾಗ ಅಲ್ಲಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಆಗ ಸ್ನಾಯು ಬಿಗಿಯಾಗುತ್ತದೆ. ಈ ಔಷಧ ಅದನ್ನು ಹೊರಗೆ ಬರಲು ಬಿಡುವುದಿಲ್ಲ. ಸ್ನಾಯು ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. ಚರ್ಮವನ್ನು ಬೆಳ್ಳಗೆ ಮಾಡುವುದಿಲ್ಲ, ಗುಳಿ ತುಂಬುವುದಿಲ್ಲ. ಮೂರು-ನಾಲ್ಕು ತಿಂಗಳಲ್ಲಿ ನರ ಮತ್ತೆ ಕೆಲಸ ಶುರು ಮಾಡುತ್ತದೆ, ಗೆರೆಯೂ ಬರುತ್ತದೆ. "ಒಮ್ಮೆ ಮಾಡಿಸಿದ್ರ ಕಾಯಂ ಇರ್ತದಲ್ರೀ?" ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚಿನ ಲೆಕ್ಕವನ್ನೂ ವರ್ಷಕ್ಕೆ ಹಾಕಿಕೊಳ್ಳಿ, ಒಂದು ಸಲಕ್ಕಲ್ಲ.

ವಿಷ ಅಲ್ವಾ ಅಂತಲೂ ಕೇಳುತ್ತಾರೆ. ಹೌದು. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ರೋಗಾಣುವಿನ ವಿಷವೇ ಇದು. ಹೊಟ್ಟೆಗೆ ಹೋದರೆ ಉಸಿರಾಟದ ಸ್ನಾಯುವನ್ನೇ ನಿಲ್ಲಿಸಬಲ್ಲದು. ಅದನ್ನು ಶುದ್ಧ ಮಾಡಿ, ತೀರಾ ಚೂರು ಪ್ರಮಾಣದಲ್ಲಿ ಬಳಸುತ್ತೇವೆ. ಶುರುವಾದದ್ದು ಸೌಂದರ್ಯಕ್ಕಲ್ಲ, ಕಣ್ಣಿಗೆ. ಮೆಳ್ಳಗಣ್ಣು ಮತ್ತು ತಾನಾಗೇ ಬಿಗಿದು ಮುಚ್ಚುವ ಕಣ್ರೆಪ್ಪೆಗೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆನಡಾದ ಕಣ್ಣಿನ ಡಾಕ್ಟರ್ ಜೀನ್ ಕಾರುಥರ್ಸ್ ಹೀಗೆ ರೆಪ್ಪೆಗೆ ಸೂಜಿ ಹಾಕುತ್ತಿದ್ದಾಗ ಹುಬ್ಬಿನ ನಡುವಿನ ಗೆರೆ ಹೋಗುವುದನ್ನು ಕಂಡರು. ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ಇಬ್ಬರೂ ಸೇರಿ 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಸುಕ್ಕಿಗೆ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಬಂದದ್ದು 2002ರಲ್ಲಿ.

ಇನ್ನು ನಮ್ಮ ಬಿಸಿಲು. ನನ್ನ ಪ್ರಕಾರ ನಮ್ಮ ಭಾಗದ ಮುಖಗಳ ಅರ್ಧ ಕಥೆ ಅದೇ. ಜೇವರ್ಗಿ ಕಡೆಯ ಹಳ್ಳಿಯಿಂದ ಒಬ್ಬ ತಾಯಿಯನ್ನು ಮಗಳು ಕರೆದುಕೊಂಡು ಬಂದಿದ್ದಳು. ತೊಗರಿ ಹೊಲದಲ್ಲಿ ದುಡಿದ ಹೆಂಗಸು. "ನಮ್ಮವ್ವನ ಮಾರಿಗಿ ಸೂಜಿ ಹಾಕ್ರಿ, ಫೋಟೋದಾಗ ಭಾಳ ವಯಸ್ಸಾದಂಗ ಕಾಣ್ತಾಳ." ನಾನು ಆ ತಾಯಿಯ ರಟ್ಟೆಯ ಒಳಭಾಗವನ್ನು ಅವರ ಗಲ್ಲದ ಪಕ್ಕ ಇಡಲು ಹೇಳಿ ಕನ್ನಡಿ ಹಿಡಿದೆ. ರಟ್ಟೆಯ ಚರ್ಮ ನುಣುಪು, ಒಂದೇ ಬಣ್ಣ. ಗಲ್ಲದ ಚರ್ಮ ದಪ್ಪ, ಒರಟು, ಅಡ್ಡಡ್ಡ ಗೆರೆ, ಮೇಲೆ ಬಂಗು. ಒಬ್ಬರದೇ ಮೈ, ಒಂದೇ ವಯಸ್ಸು. ಸೀರೆ ಸೆರಗು ಮುಚ್ಚಿದ ಹಣೆಯ ಮೇಲ್ಭಾಗ ಕೂಡ ಗಲ್ಲಕ್ಕಿಂತ ಚೆನ್ನಾಗಿತ್ತು! ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಚರ್ಮವನ್ನು ಬಿಗಿಯಾಗಿ ಹಿಡಿಯುವ ಕೊಲಾಜೆನ್ ಎಳೆಗಳನ್ನು ಮುರಿಯುತ್ತದೆ. ಸ್ನಾಯುವಿಗೆ ವಿಶ್ರಾಂತಿ ಕೊಟ್ಟರೆ ಮುರಿದ ಎಳೆ ಕೂಡಿಕೊಳ್ಳುವುದಿಲ್ಲ.

ಅವರಿಗೆ ಸನ್‌ಸ್ಕ್ರೀನ್ ಮತ್ತು ಬಂಗಿನ ಔಷಧ ಬರೆದುಕೊಟ್ಟೆ. ಎಸ್‌ಪಿಎಫ್ 30 ಅಥವಾ ಮೇಲಿನದು, ಮುಖ-ಕುತ್ತಿಗೆಗೆ ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಸೆರಗು ಬಿಡಬೇಡಿ ಅಂದೆ. ಬಂಗಿಗೆ ಮೆಡಿಕಲ್‌ನಲ್ಲಿ ಕೇಳಿ ತಂದ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಿದ್ದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೊದಮೊದಲು ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾವು ಬರೆದುಕೊಡದ ಟ್ಯೂಬ್ ಮುಖಕ್ಕೆ ಬೇಡ್ರಿ, ದಯವಿಟ್ಟು.

ಬಿಸಿಲು ಔಷಧವನ್ನೂ ಕೆಡಿಸುತ್ತದೆ. ಈ ಬಾಟಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ಪಾರ್ಸಲ್ ಬಂದಾಗ ಒಳಗಿನ ಐಸ್ ಪ್ಯಾಕ್ ಕರಗಿ ಬೆಚ್ಚಗಾಗಿದ್ದರೆ ನಾನು ವಾಪಸ್ ಕಳಿಸುತ್ತೇನೆ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಮಾಡಿಸಿಕೊಂಡು, ಏನೂ ಆಗಲಿಲ್ಲ ಎಂದು ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಬಾಟಲಿ ಫ್ರಿಜ್‌ನಿಂದ ತೆಗೆದರಾ ಅಂತ. ಇನ್ನೊಂದು ಮಾತು. ಎಲ್ಲ ಕಂಪನಿಯ ಯೂನಿಟ್ ಒಂದೇ ಅಲ್ಲ. ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ 20 ಯೂನಿಟ್ ಬೇಕಾದರೆ ಬೇರೆ ಕಂಪನಿಯ ಇಂಥದ್ದೇ ಔಷಧ ಡಿಸ್ಪೋರ್ಟ್ 50 ಬೇಕು. ಯೂನಿಟ್ ರೇಟು ಕಡಿಮೆ ಅಂತ ಹೋಲಿಸುವಾಗ ಇದು ನೆನಪಿರಲಿ.

ಮದುವೆ ಸೀಜನ್‌ನಲ್ಲಿ ವರನ ತಾಯಂದಿರು ಬರುತ್ತಾರೆ. "ಮದಿವಿ ಇನ್ನ ಎಂಟ್ ದಿನ ಅದ ರೀ, ಹಾಕೇ ಬಿಡ್ರಿ." ನಾನು ಹಾಕುವುದಿಲ್ಲ. ಪರಿಣಾಮ ಶುರುವಾಗಲು ಮೂರು-ನಾಲ್ಕು ದಿನ, ಪೂರ್ತಿ ಕಾಣಲು ಎರಡು ವಾರ ಬೇಕು. ಚುಚ್ಚಿದಲ್ಲಿ ನೀಲಿಗಟ್ಟಿದರೆ ಅದು ಇಳಿಯಲು ಒಂದು ವಾರ. ಏನಾದರೂ ಹೆಚ್ಚುಕಮ್ಮಿಯಾದರೆ ಸರಿಮಾಡಲು ಸಮಯವೇ ಇರುವುದಿಲ್ಲ. ಮದುವೆಗೆ ಒಂದು ತಿಂಗಳಾದರೂ ಮೊದಲೇ ಬನ್ನಿ.

ಹೆಚ್ಚುಕಮ್ಮಿ ಅಂದರೆ ಏನು ಅಂತ ನಾನು ಕಲಿತದ್ದು ನನ್ನ ಕೈಯಿಂದಲೇ ಆದ ತಪ್ಪಿನಿಂದ. ಕೆಲಸ ಶುರು ಮಾಡಿದ ಹೊಸತರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಬಲಹುಬ್ಬಿನ ಹತ್ತಿರ ಚೂರು ಕೆಳಗೆ ಚುಚ್ಚಿದ್ದೆ. ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ಇಳಿಯಿತು. ಆರನೆಯ ದಿನ ಬಲಗಣ್ಣು ಅರ್ಧ ಮುಚ್ಚಿಕೊಂಡೇ ಬಂದರು. ಒಂದು ಹನಿಮದ್ದು ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತುತ್ತದೆ, ಅದನ್ನು ಕೊಟ್ಟೆ. ಉಳಿದದ್ದಕ್ಕೆ ಕಾಯುವುದೇ ಮದ್ದು. ಪೂರ್ತಿ ಸರಿಯಾಗಲು ಐದು ವಾರ ಹಿಡಿಯಿತು. ಅಷ್ಟು ದಿನ ಅವರು ಕೌಂಟರ್‌ನಲ್ಲಿ ಕೂತು ಜನರಿಗೆ ಉತ್ತರ ಹೇಳಬೇಕಾಯಿತು. ಅವತ್ತಿನಿಂದ ಕಣ್ಣಿನ ಗೂಡಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು, ಒಂದು ಸೆಂಟಿಮೀಟರ್ ಮೇಲೆ ಗುರುತು ಹಾಕದೆ ನಾನು ಸೂಜಿ ಎತ್ತಿಲ್ಲ.

ಬ್ಯೂಟಿ ಪಾರ್ಲರ್‌ನಲ್ಲಿ ಹಾಕಿಸಿಕೊಳ್ಳಬೇಡಿ ಅನ್ನುವುದು ಇದಕ್ಕೇ. ಫಿಲ್ಲರ್ ಅಂತ ಗುಳಿ ತುಂಬುವ ಜೆಲ್ ಬೇರೆ ಇದೆ, ಅದನ್ನು ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಇನ್ನೂ ಅಪಾಯ. ರಕ್ತನಾಳದೊಳಗೆ ಹೋದರೆ ಚರ್ಮ ಸಾಯುತ್ತದೆ, ಕಣ್ಣೇ ಹೋಗಬಹುದು. ಹಯಲುರಾನಿಕ್ ಆಸಿಡ್ ಜೆಲ್ ಆದರೆ ಕರಗಿಸುವ ಔಷಧ ಉಂಟು, ಅದು ಹತ್ತಿರವೇ ಇರಬೇಕು, ತಕ್ಷಣ ಹಾಕಲು ಬರಬೇಕು.

ಬಸುರಿಯರು, ಎದೆಹಾಲು ಕೊಡುವವರು, ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ಕಾಯಿಲೆ ಇರುವವರು ಈ ಸೂಜಿ ಹಾಕಿಸಿಕೊಳ್ಳಬಾರದು. ರಕ್ತ ತೆಳುಮಾಡುವ ಗುಳಿಗೆ, ಆಂಟಿಬಯಾಟಿಕ್ ಏನೇ ತೆಗೆದುಕೊಳ್ಳುತ್ತಿದ್ದರೂ ಮೊದಲೇ ಹೇಳಿ.

ಆ ಶಿಕ್ಷಕಿಯ ವಿಷಯಕ್ಕೆ ಬರುತ್ತೇನೆ. ಅವರ ಗೆರೆ ಕನ್ನಡಿ ಪರೀಕ್ಷೆಯಲ್ಲಿ ಪಾಸಾಗಿತ್ತು. ಸಡಿಲ ಬಿಟ್ಟರೆ ಹೋಗುತ್ತಿತ್ತು. ಬೋರ್ಡ್ ಮೇಲೆ ಬರೆದು ತಿರುಗಿದರೆ ಮಕ್ಕಳು "ಮೇಡಂ ಸಿಟ್ಟಾಗ್ಯಾರ" ಅಂತ ಸುಮ್ಮನಾಗುತ್ತಿದ್ದರಂತೆ, ಅದು ಅವರಿಗೆ ಬೇಸರ. ಬಿಳಿ ಪೆನ್ಸಿಲ್‌ನಲ್ಲಿ ಐದು ಚುಕ್ಕೆ ಹಾಕಿ, ಒಂದೊಂದಕ್ಕೆ ನಾಲ್ಕು ಯೂನಿಟ್ ಕೊಟ್ಟೆ. ಇರುವೆ ಕಚ್ಚಿದಂಗ ಆಯ್ತು ಅಂದರು. ಅವತ್ತು ಮುಖ ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ನಾಲ್ಕು ತಾಸು ಮಲಗಬೇಡಿ ಅಂತ ಹೇಳಿ ಕಳಿಸಿದೆ. ಹದಿನೈದನೆಯ ದಿನ ಬಂದರು. ಗಂಟಿಕ್ಕಿ ಅಂದೆ, ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಎಡಹುಬ್ಬಿನ ತುದಿ ಮಾತ್ರ ಚೂರು ಮೇಲೆ ನಿಂತಿತ್ತು. ಹಣೆಯ ಆ ಬದಿಗೆ ಎರಡು ಯೂನಿಟ್ ಹಾಕಿ, ಇನ್ನೆರಡು ವಾರ ಬಿಟ್ಟು ಒಮ್ಮೆ ತೋರಿಸಿಕೊಂಡು ಹೋಗಿ ಅಂದೆ.