ಹಳೆಯ ಪಾಕೀಟಿಗೆ 48, ಹೊಸದಕ್ಕೆ 62: ಮಾರಾಟ ಹೆಚ್ಚಿತು ಅನ್ನಬಹುದೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡುವ ಸಣ್ಣ ಘಟಕ. ಹೊಸ ಪಾಕೀಟು ಮಾಡಿಸುವ ಮುಂಚೆ ಎಂಟು ಕಿರಾಣಿ ಅಂಗಡಿಗಳಲ್ಲಿ ಟೆಸ್ಟ್ ಮಾಡಿದೆವು. ದುರ್ಗದ ಬೈಲಿನ ಸುತ್ತಲಿನ ನಾಲ್ಕರಲ್ಲಿ ಹಳೆಯ ಪಾಕೀಟು, ವಿದ್ಯಾನಗರದ ನಾಲ್ಕರಲ್ಲಿ ಹೊಸದು. ಅಂಗಡಿಗೆ 50 ಗಿರಾಕಿಗಳಂತೆ ಎರಡೂ ಕಡೆ 200 ಮಂದಿಗೆ ತೋರಿಸಿದಾಗ ಹಳೆಯದನ್ನು 48 ಮಂದಿ, ಹೊಸದನ್ನು 62 ಮಂದಿ ಕೊಂಡರು. ಬಿಬಿಎ ಓದುವ ಮಗಳು "ಪಿ-ವ್ಯಾಲ್ಯೂ 0.12 ಬಂದೈತಿ, ಸಿಗ್ನಿಫಿಕಂಟ್ ಅಲ್ಲ" ಅಂತಾಳೆ. ಪ್ರಿಂಟಿಂಗ್‌ನವರು "ಏಳು ಪರ್ಸೆಂಟ್ ಜಾಸ್ತಿ ಆಗೇತಲ್ರಿ, ಇನ್ನೇನ ಬೇಕು" ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮಗಳ ಲೆಕ್ಕ ಸರಿ. ಆದರೆ ಈ ಅಂಕಿಗಳ ಮೇಲೆ ಯಾವ ಲೆಕ್ಕ ಹಾಕಿದರೂ ಪಾಕೀಟಿನ ವಿಷಯ ಗೊತ್ತಾಗುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ, ಮೊದಲು 0.12 ಎಲ್ಲಿಂದ ಬಂತು ನೋಡಿ.

ಟೆಸ್ಟ್ ಶುರುವಾಗುವುದೇ "ಎರಡು ಪಾಕೀಟಿಗೂ ವ್ಯತ್ಯಾಸ ಇಲ್ಲ" ಎಂದು ಇಟ್ಟುಕೊಂಡು. ಪಠ್ಯಪುಸ್ತಕದ ಶೂನ್ಯ ಪ್ರಾಕ್ಕಲ್ಪನೆ ಇದೇ. ವ್ಯತ್ಯಾಸ ಇಲ್ಲವೆಂದರೆ ಎರಡೂ ಗುಂಪು ಕೂಡಿಸಬಹುದು: 400ರಲ್ಲಿ 110, ಅಂದರೆ 0.275. ಇದನ್ನು 0.725ರಿಂದ (1 - 0.275) ಗುಣಿಸಿ, ಬಂದದ್ದನ್ನು ಮತ್ತೆ (1/200 + 1/200)ರಿಂದ ಗುಣಿಸಿ ವರ್ಗಮೂಲ ತೆಗೆದರೆ 0.0447. ಆಕಸ್ಮಿಕ ಏರುಪೇರಿನ ಅಳತೆ ಇದು. ನಿಮಗೆ ಸಿಕ್ಕ ಅಂತರ 0.07. ಭಾಗಿಸಿದರೆ ಜಡ್ ಬೆಲೆ 1.57, ಎರಡೂ ಬದಿಯ (ಹೊಸದು ಮುಂದಿರಲಿ, ಹಿಂದಿರಲಿ) ಪಿ-ವ್ಯಾಲ್ಯೂ 0.117. ರೂಢಿಯ ಗಡಿ 0.05; ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಸಿಗ್ನಿಫಿಕಂಟ್ ಅನ್ನುತ್ತಾರೆ.

ಇದರ ಅರ್ಥ ಇಷ್ಟೇ: ಪಾಕೀಟುಗಳಲ್ಲಿ ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ, ಇಂಥ ಟೆಸ್ಟ್ ನೂರು ಸಲ ಮಾಡಿದರೆ ಸುಮಾರು 12 ಸಲ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿಯೇ ಬರುತ್ತದೆ. "ಹೊಸದು ಗೆಲ್ಲುವ ಸಾಧ್ಯತೆ ಶೇ 88" ಎಂದು ಇದನ್ನು ತಿರುಗಿಸಿ ಓದುವವರು ಬಹಳ ಮಂದಿ. ಅದು ತಪ್ಪು. "ವ್ಯತ್ಯಾಸ ಇಲ್ಲವೆಂದು ಸಾಬೀತಾಯಿತು" ಅನ್ನುವುದೂ ಅಷ್ಟೇ ತಪ್ಪು. ಶೇ 95ರ ವಿಶ್ವಾಸ ಅಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ತೆಗೆದರೆ -1.7ರಿಂದ +15.7 ಪಾಯಿಂಟ್ ಬರುತ್ತದೆ. ಹೊಸ ಪಾಕೀಟು ಚೂರು ಹಿಂದೆ ಬಿದ್ದಿರಬಹುದು, ಭರ್ಜರಿಯಾಗಿ ಮುಂದೆ ಹೋಗಿರಲೂಬಹುದು. 24 ಮತ್ತು 31ರ ನಡುವಿನ ಅಂತರ ನಿಜವೇ ಆಗಿದ್ದರೆ ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು ಪ್ರತಿ ಪಾಕೀಟಿಗೆ ಸುಮಾರು 634 ಗಿರಾಕಿಗಳು ಬೇಕಿತ್ತು. ನೀವು 200ಕ್ಕೆ ನಿಲ್ಲಿಸಿದಿರಿ.

ಇನ್ನು ಅಂಗಡಿಗಳ ವಿಷಯ. ವಿದ್ಯಾನಗರದಲ್ಲಿ ಕಾಲೇಜು, ಹಾಸ್ಟೆಲ್, ಬಾಡಿಗೆ ರೂಮಿನ ಹುಡುಗರು. ಅವರು ರೊಟ್ಟಿ ಕೊಂಡೇ ತಿನ್ನಬೇಕು. ದುರ್ಗದ ಬೈಲಿಗೆ ಸಂತೆ ಸಾಮಾನಿಗೆಂದು ಬರುವವರಲ್ಲಿ ಮನೆಯಲ್ಲೇ ರೊಟ್ಟಿ ಬಡಿಯುವವರು ಎಷ್ಟೋ. ಆ ಏಳು ಪಾಯಿಂಟ್ ಪಾಕೀಟಿನದೋ ಬಡಾವಣೆಯದೋ ಎಂದು ಯಾವ ಸೂತ್ರವೂ ಬಿಡಿಸಿ ಹೇಳಲಾರದು. 634 ಅಲ್ಲ, 6000 ಮಂದಿಯನ್ನು ಕೇಳಿದ್ದರೂ ಇದೇ ಪಾಡು.

ಇನ್ನೊಂದು ತೊಡಕು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಒಂದೇ ಅಂಗಡಿಯ 50 ಗಿರಾಕಿಗಳು 50 ಬಿಡಿ ಸಾಕ್ಷಿಗಳಲ್ಲ. ಅಂಗಡಿಯವರ ಮಾತು, ಪಾಕೀಟು ಇಟ್ಟ ಜಾಗ, ಆ ಓಣಿಯ ರೂಢಿ ಎಲ್ಲರಿಗೂ ಒಂದೇ. ಒಂದು ಅಂಗಡಿಯ ಗಿರಾಕಿಗಳ ನಡುವಿನ ಈ ಹೋಲಿಕೆಯನ್ನು ಬರೀ 0.05 ಎಂದು ಹಿಡಿದರೂ ಸ್ಯಾಂಪಲ್ ಕುಗ್ಗುವ ಪ್ರಮಾಣ 1 + 49 × 0.05 = 3.45. ನಿಮ್ಮ 200 ಮಂದಿಯ ತೂಕ 58 ಮಂದಿಯಷ್ಟೇ. ಹಾಗಾಗಿ ನಿಜವಾದ ಪಿ-ವ್ಯಾಲ್ಯೂ 0.12ಕ್ಕಿಂತ ಸಾಕಷ್ಟು ದೊಡ್ಡದು.

ಮತ್ತೆ ಮಾಡುವಾಗ ಗಿರಾಕಿಯನ್ನು ಬಿಟ್ಟು ಅಂಗಡಿಯನ್ನೇ ಎಣಿಕೆಯ ಘಟಕ ಮಾಡಿಕೊಳ್ಳಿ. ಪ್ರತಿ ಅಂಗಡಿಯಲ್ಲೂ ಒಂದು ವಾರ ಹಳೆಯದು, ಒಂದು ವಾರ ಹೊಸದು. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಅರ್ಧ ಅಂಗಡಿಗಳಿಗೆ ಹಳೆಯದು ಮೊದಲು ಬರುವಂತೆ ನೋಡಿಕೊಳ್ಳಿ. ಪಾಕೀಟು ಇಡುವ ಜಾಗ ಮತ್ತು ಬೆಲೆ ಎರಡೂ ವಾರ ಒಂದೇ ಇರಲಿ. ಎಳ್ಳ ಅಮಾವಾಸ್ಯೆಯ ಆಸುಪಾಸು ಬೇಡ, ಆಗ ಮನೆಮನೆಯಲ್ಲೂ ರೊಟ್ಟಿ ಬಡಿದಿಟ್ಟಿರುತ್ತಾರೆ. ವಾರದ ಮಾರಾಟವನ್ನು ಅಂಗಡಿಯವರ ಬಾಯಿಲೆಕ್ಕದ ಮೇಲೆ ಬರೆದುಕೊಳ್ಳಬೇಡಿ: ಮೊದಲಿದ್ದ ದಾಸ್ತಾನು, ಕೂಡಿಸು ಕೊಟ್ಟದ್ದು, ಕಳೆ ಉಳಿದದ್ದು, ಕಳೆ ಮುರಿದು ವಾಪಸು ಬಂದದ್ದು. ಖಡಕ್ ರೊಟ್ಟಿಯಲ್ಲಿ ಈ ಕೊನೆಯದು ಸಣ್ಣದಲ್ಲ. ಬಿಟ್ಟರೆ ಮುರಿದ ಪಾಕೀಟೆಲ್ಲ ಮಾರಾಟದಲ್ಲಿ ಸೇರಿಬಿಡುತ್ತದೆ. ವಾರದ ನಡುವೆ ಮಾಲು ಖಾಲಿಯಾದರೆ ಆ ಅಂಗಡಿಯ ಅಂಕಿ ನಂಬುವಂತಿಲ್ಲ, ಅಲ್ಲಿ ಎರಡೂ ವಾರ ಮತ್ತೆ ಮಾಡಬೇಕು.

ದಿನಾ ಸಂಜೆ ಲೆಕ್ಕ ಹಾಕಿ, ಪಿ 0.05ರ ಕೆಳಗೆ ಇಳಿದ ದಿನ ಟೆಸ್ಟ್ ನಿಲ್ಲಿಸುವ ಚಾಳಿಯೂ ಬೇಡ. ಹಾಗೆ ಐದು ಸಲ ಇಣುಕಿದರೆ, ವ್ಯತ್ಯಾಸವೇ ಇಲ್ಲದಿದ್ದಾಗಲೂ "ಗೆದ್ದಿತು" ಎಂದು ಬರುವ ಸಂಭವ ಶೇ 5ರಿಂದ ಶೇ 14ಕ್ಕೆ ಏರುತ್ತದೆ; ಹತ್ತು ಸಲಕ್ಕೆ ಶೇ 19.

ಹತ್ತು ಅಂಗಡಿಗಳಲ್ಲಿ ಹೊಸ ವಾರದ ಮಾರಾಟದಿಂದ ಹಳೆ ವಾರದ್ದನ್ನು ಕಳೆದಾಗ ಹೀಗೆ ಬಂತು ಅನ್ನಿ: 4, -2, 7, 1, 0, 9, -3, 5, 2, 7. ಸರಾಸರಿ 3 ಪಾಕೀಟು, ಪ್ರಮಾಣ ವಿಚಲನೆ (ಅಂಗಡಿಯಿಂದ ಅಂಗಡಿಗೆ ಏರುಪೇರು) 4.06. ಅದನ್ನು 10ರ ವರ್ಗಮೂಲದಿಂದ ಭಾಗಿಸಿದರೆ 1.28. ಟಿ ಬೆಲೆ 3 ÷ 1.28, ಅಂದರೆ 2.34. ಒಂಬತ್ತು ಸ್ವಾತಂತ್ರ್ಯ ಕೋಟಿಗೆ (ಅಂಗಡಿಗಳ ಸಂಖ್ಯೆಗಿಂತ ಒಂದು ಕಡಿಮೆ) ಕೋಷ್ಟಕದ ಗಡಿ 2.262, ಪಿ-ವ್ಯಾಲ್ಯೂ 0.044. ಎಕ್ಸೆಲ್‌ನ ಟಿ.ಟೆಸ್ಟ್ ಫಾರ್ಮುಲಾದಲ್ಲಿ ಎರಡು ವಾರಗಳ ಕಾಲಂ ಕೊಟ್ಟು ಕೊನೆಗೆ 2, 1 ಎಂದು ಹಾಕಿ. 2 ಅಂದರೆ ಎರಡೂ ಬದಿ, ಆ 1 ಅಂದರೆ ಜೋಡಿ ಟೆಸ್ಟ್. ಅಲ್ಲಿ 3 ಹಾಕಿದರೆ ಅಂಗಡಿಗಳ ಜೋಡಿ ಮುರಿದು, ದೊಡ್ಡಂಗಡಿ-ಸಣ್ಣಂಗಡಿಯ ಏರುಪೇರೆಲ್ಲ ಲೆಕ್ಕದೊಳಗೆ ನುಗ್ಗುತ್ತದೆ. (ಇಷ್ಟು ಸಣ್ಣ ಸ್ಯಾಂಪಲ್‌ಗೆಂದೇ ಈ ಟಿ-ಟೆಸ್ಟ್ ಹುಟ್ಟಿದ್ದು. 1908ರಲ್ಲಿ ಇದನ್ನು ಪ್ರಕಟಿಸಿದ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ.)

ಒಂದೆರಡು ಅಂಗಡಿಯ ಅಂಕಿ ವಿಪರೀತ ದೊಡ್ಡದಿದ್ದರೆ ವಿಲ್ಕಾಕ್ಸನ್ ಟೆಸ್ಟ್ ಬಳಸಿ, ಅದು ಅಂಕಿಗಳ ಬದಲು ಅವುಗಳ ಕ್ರಮಾಂಕ ನೋಡುತ್ತದೆ. ಐದು ಡಿಸೈನ್ ಇಟ್ಟುಕೊಂಡು ಎರಡೆರಡನ್ನೇ ಹೋಲಿಸುತ್ತ ಹೋದರೆ ಹತ್ತು ಜೋಡಿಯಾಗುತ್ತವೆ. ಆಗ ಗಡಿ 0.05 ಅಲ್ಲ, ಅದನ್ನು ಹತ್ತರಿಂದ ಭಾಗಿಸಿದ 0.005.

ಸರಿ, 0.044 ಬಂತು. ಪ್ರಿಂಟಿಂಗ್‌ಗೆ ಕೊಡಬಹುದೇ? ಇಲ್ಲೇ ಹೆಚ್ಚಿನವರು ಎಡವುವುದು. ಟೆಸ್ಟ್ ಕೇಳಿದ್ದು "ಅಂತರ ಸೊನ್ನೆಯೇ?" ಎಂದು. ನಿಮಗೆ ಬೇಕಾದದ್ದು "ಪಾಕೀಟಿನ ಖರ್ಚು ಗಿಟ್ಟುತ್ತದೆಯೇ?" ಎಂಬುದಕ್ಕೆ ಉತ್ತರ. ಹಳೆಯ ಪಾಕೀಟಿನಲ್ಲಿ ನಿಮಗೆ 14 ರೂಪಾಯಿ ಉಳಿಯುತ್ತದೆ, ಹೊಸದಕ್ಕೆ 1 ರೂಪಾಯಿ 20 ಪೈಸೆ ಹೆಚ್ಚು ಬೀಳುತ್ತದೆ, ಅಂಗಡಿಗೆ ವಾರಕ್ಕೆ 20 ಪಾಕೀಟು ಹೋಗುತ್ತಿದ್ದವು ಅನ್ನೋಣ. ಹಳೆಯದರ ಲಾಭ 280 ರೂಪಾಯಿ. ಅದನ್ನು ಹೊಸದರಲ್ಲಿ ಉಳಿಯುವ 12.80ರಿಂದ ಭಾಗಿಸಿದರೆ 21.9. ಅಂದರೆ ವಾರಕ್ಕೆ 1.9 ಪಾಕೀಟು ಹೆಚ್ಚು ಹೋದರೆ ಆಗ ಅಸಲಿಗೆ ಅಸಲು. ಆ ಹತ್ತು ಅಂಗಡಿಗಳ ವಿಶ್ವಾಸ ಅಂತರ 0.1ರಿಂದ 5.9, ಈ 1.9 ಅದರೊಳಗೇ ಕೂತಿದೆ. ಟೆಸ್ಟನ್ನು ಸೊನ್ನೆಯ ಬದಲು 1.9ರ ಎದುರು ಮಾಡಿ: (3 - 1.9) ÷ 1.28 = 0.86, ಒಂದು ಬದಿಯ ಪಿ-ವ್ಯಾಲ್ಯೂ 0.2ರ ಆಸುಪಾಸು. ಸಿಗ್ನಿಫಿಕಂಟ್ ಹೌದು, ಲಾಭ ಗ್ಯಾರಂಟಿ ಅಲ್ಲ.

ಈ ಅನುಮಾನ ಕಳೆಯಲು, ಇದೇ ಸರಾಸರಿ, ಇದೇ ಏರುಪೇರು ಇದ್ದರೆ, ಸುಮಾರು 85 ಅಂಗಡಿ ಬೇಕು. ಸಣ್ಣ ಘಟಕಕ್ಕೆ ಅದು ಆಗದ ಮಾತು. ಇನ್ನೊಂದು ದಾರಿ ಸೋವಿ: ಪ್ರಿಂಟಿಂಗ್‌ನವರೊಂದಿಗೆ ಚೌಕಾಶಿ ಮಾಡಿ ಹೆಚ್ಚುವರಿ ಖರ್ಚನ್ನು 60 ಪೈಸೆಗೆ ಇಳಿಸಿದರೆ 0.9 ಪಾಕೀಟು ಹೆಚ್ಚು ಹೋದರೂ ಗಿಟ್ಟುತ್ತದೆ, 85ರ ಜಾಗದಲ್ಲಿ 25 ಅಂಗಡಿ ಸಾಕು. ಹುಬ್ಬಳ್ಳಿ, ಧಾರವಾಡ, ಗದಗ ಸೇರಿಸಿದರೆ ಅಷ್ಟು ಅಂಗಡಿ ಸಿಗುತ್ತವೆ. ಅಲ್ಲಿಯವರೆಗೆ ಸಾದಾ ಪೌಚಿನ ಮೇಲೆ ಸ್ಟಿಕ್ಕರ್ ಅಂಟಿಸಿ ಟೆಸ್ಟ್ ನಡೆಸಿ. ಪ್ರಿಂಟಿಂಗ್ ಸಿಲಿಂಡರ್‌ಗೆ ಅಡ್ವಾನ್ಸ್ ಕೊಡಬೇಡಿ.