ಕಡತದ ಹಾಳೆಗಳನ್ನು ದಯವಿಟ್ಟು ಜೋಡಿಸಬೇಡಿ

ಸಂಜೆ ಕಡತ ವಾಪಸ್ ಕೊಡುವಾಗ ಯಾರಾದರೂ ಖುಷಿಯಿಂದ, “ಎಲ್ಲಾ ಹಿಂದುಮುಂದಾಗಿತ್ತು, ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೀನಿ” ಅಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಬೈಯಲು ಮನಸ್ಸು ಬರುವುದಿಲ್ಲ. ಸಹಾಯ ಆಗಲಿ ಅಂತಲೇ ಮಾಡಿರುತ್ತಾರೆ, ಪಾಪ.

ಸ್ಥಳೀಯ ಆಡಳಿತದ ಹಳೆಯ ದಾಖಲೆಗಳ ಕೋಣೆಯಲ್ಲಿ ನಾನು ಸಹಾಯಕಿ. ಕೇಳಿದ ಪೆಟ್ಟಿಗೆ ತಂದುಕೊಡುವುದು, ಹಾಳೆ ಎಣಿಸಿ ಕೊಡುವುದು, ವಾಪಸ್ ಬಂದಾಗ ಮತ್ತೆ ಎಣಿಸುವುದು ನನ್ನ ಕೆಲಸ. ಇಂಥ ಕಡತದಲ್ಲಿ ಎಣಿಕೆ ಸರಿಯಾಗಿಯೇ ಇರುತ್ತದೆ. “ಒಂದು ಹಾಳೆಯೂ ಕಳೆದಿಲ್ಲ ಅಲ್ವಾ, ಮತ್ತೇನು ತೊಂದರೆ?” ಅಂತ ಕೇಳುತ್ತಾರೆ. ಇದನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ.

ಒಂದು ಚರಂಡಿಯ ಕಡತ ಇದೆ ಅಂದುಕೊಳ್ಳಿ. ಮೇಲೆ ಎಂಜಿನಿಯರ್ ಬರೆದ ಟಿಪ್ಪಣಿ. ಅದರ ಕೆಳಗೆ, 14 ವರ್ಷ ಹಿಂದಿನ ಒಂದು ಅರ್ಜಿ. ಅದರ ಕೆಳಗೆ ಮತ್ತೆ ಹೊಸ ಪತ್ರಗಳು. ನೋಡಿದವರಿಗೆ ಆ ಅರ್ಜಿ ಎಲ್ಲಿಂದಲೋ ಬಂದು ತಪ್ಪಾಗಿ ಸೇರಿಕೊಂಡಂತೆ ಕಾಣುತ್ತದೆ. ಆದರೆ ಅದನ್ನು ಅಲ್ಲಿ ಇಟ್ಟವರು ಆ ಎಂಜಿನಿಯರೇ. ಬೇರೆ ಕಡತದಿಂದ ಹುಡುಕಿ ತೆಗೆದು, ಓದಿ, ತಮ್ಮ ಟಿಪ್ಪಣಿಗೆ ಆಧಾರ ಅಂತ ಅದರ ಕೆಳಗೇ ಪೋಣಿಸಿದ್ದಾರೆ. ತೀರ್ಮಾನ ಬರೆಯುವ ಮುಂಚೆ ಅವರು ಏನು ಓದಿದ್ದರು ಅನ್ನುವುದಕ್ಕೆ ಬೇರೆ ಪುರಾವೆ ಇಲ್ಲ. ಆ ಅರ್ಜಿ ಕೂತ ಜಾಗವೇ ಪುರಾವೆ.

ಈಗ ತಾರೀಖಿನ ಪ್ರಕಾರ ಜೋಡಿಸಿ. ಅರ್ಜಿ ಕಡತದ ಮೊದಲಿಗೆ ಹೋಗುತ್ತದೆ. ಮುಂದೆ ಓದುವವರಿಗೆ ಏನನ್ನಿಸುತ್ತದೆ? ಅರ್ಜಿ ಬಂತು, ಕಚೇರಿ 14 ವರ್ಷ ಸುಮ್ನೆ ಕೂತಿತ್ತು, ಆಮೇಲೆ ಕೆಲಸ ಶುರು ಮಾಡಿತು ಅಂತ. ಒಂದು ಅಕ್ಷರ ಬದಲಾಗಿಲ್ಲ, ಕಥೆ ಪೂರ್ತಿ ಬದಲಾಯಿತು. ಜಾಗದ ತಕರಾರಿಗೆ ಇದೇ ಕಡತ ಸಾಕ್ಷಿಯಾಗಿ ಹೋಗಬೇಕಾಗಿ ಬಂದರೆ ಇದರ ಬೆಲೆ ಏನು ಅಂತ ಯೋಚಿಸಿ.

ಕರಡುಗಳೂ ಹಾಗೆಯೇ. ಕಳಿಸಿದ ಉತ್ತರದ ಹಿಂದೆ ಮೂರು ಕರಡು ಇದ್ದರೆ “ಒಂದೇ ಪತ್ರ ನಾಲ್ಕು ಸಲ” ಅಂತ ಬೇರೆ ಎತ್ತಿಡುತ್ತಾರೆ. ಮೊದಲ ಕರಡಿನಲ್ಲಿದ್ದ ಯಾವ ಸಾಲನ್ನು ಮೇಲಧಿಕಾರಿ ಹೊಡೆದುಹಾಕಿದರು ಅನ್ನುವುದೇ ಎಷ್ಟೋ ಸಲ ಆ ಕಡತದ ಜೀವ.

ಈ ಪಾಠವನ್ನು ನಮ್ಮ ವೃತ್ತಿ ಪೆಟ್ಟು ತಿಂದೇ ಕಲಿತಿದೆ. ಕ್ರಾಂತಿಯ ನಂತರ ಫ್ರಾನ್ಸ್‌ನಲ್ಲಿ ಬೇರೆಬೇರೆ ಕಚೇರಿಗಳ ಕಾಗದಗಳನ್ನು ಒಡೆದು ವಿಷಯವಾರು ಬೆರೆಸಿದ್ದರು. ಯಾವ ಕಾಗದ ಯಾರದ್ದು, ಯಾಕೆ ಬರೆದದ್ದು ಅನ್ನುವ ಎಳೆಯೇ ಕಡಿದುಹೋಯಿತು. ಕೊನೆಗೆ 1841ರಲ್ಲಿ ಅಲ್ಲಿನ ಒಳಾಡಳಿತ ಸಚಿವಾಲಯ ಸುತ್ತೋಲೆ ಹೊರಡಿಸಿತು: ಒಂದು ಕಚೇರಿಯ ಕಾಗದಗಳು ಒಟ್ಟಿಗೇ ಇರಬೇಕು, ಇನ್ನೊಂದರ ಜೊತೆ ಬೆರೆಸಬಾರದು. ಆ ಸುತ್ತೋಲೆ ಹೋದದ್ದು ಪ್ರಾಂತೀಯ ದಾಖಲೆ ಸಂಗ್ರಹಗಳಿಗೆ, ಅಂದರೆ ನಮ್ಮಂಥ ಕಡೆಗೇ. ಕಚೇರಿ ಇಟ್ಟ ಒಳಗಿನ ಕ್ರಮವನ್ನೂ ಕೆಡಿಸಬಾರದು ಅನ್ನುವ ನಿಯಮ 1881ರಲ್ಲಿ ಆಗಿನ ಜರ್ಮನಿಯ ರಾಜ್ಯವಾಗಿದ್ದ ಪ್ರಶ್ಯದಿಂದ ಬಂತು. 1898ರಲ್ಲಿ ಮೂವರು ಡಚ್ ದಾಖಲೆ ತಜ್ಞರು ಇದನ್ನೆಲ್ಲ 100 ನಿಯಮಗಳಾಗಿ ಬರೆದಿಟ್ಟರು. ಇವತ್ತಿಗೂ ನಾವು ಕಲಿಯುವುದು ಅದೇ ದಾರಿಯಲ್ಲಿ.

ಎಲ್ಲ ಕ್ರಮವೂ ಪವಿತ್ರ ಅಂತ ನಾನು ಹೇಳುತ್ತಿಲ್ಲ. ನೀರು ನುಗ್ಗಿ, ಕಪಾಟು ಬಿದ್ದು ನಿಜವಾಗಿಯೂ ಚೆಲ್ಲಾಪಿಲ್ಲಿಯಾದ ಕಾಗದಗಳೂ ಇರುತ್ತವೆ. ಅವನ್ನು ನಾವೇ ಜೋಡಿಸುತ್ತೇವೆ, ಯಾರು ಯಾವಾಗ ಏನು ಬದಲಿಸಿದರು ಅಂತ ಬರೆದಿಟ್ಟು. ಹಾಗಾಗಿ ನಿಮಗೆ ಅನುಮಾನ ಬಂದರೆ ಕೈ ಹಾಕಬೇಡಿ, ನಮ್ಮನ್ನು ಕರೆಯಿರಿ. ನಾವು ಬರುತ್ತೇವೆ.

ಕಡತ ಕಳಿಸುವ ಇಲಾಖೆಯವರಿಗೂ ಒಂದು ಮಾತು. ಕಳಿಸುವ ಮುಂಚೆ ‘ಕ್ಲೀನ್’ ಮಾಡಬೇಡಿ. ಹರಿದ ಹೊದಿಕೆ ಎಸೆದು ಹೊಸದು ಹಾಕಿದರೆ ಹೊದಿಕೆಯ ಮೇಲಿದ್ದ ಹಳೆಯ ಸಂಖ್ಯೆ ಹೋಯಿತು. ರಿಜಿಸ್ಟರಿನಲ್ಲಿ ಇರುವುದು ಅದೇ ಸಂಖ್ಯೆ. ಆಮೇಲೆ ಆ ಕಡತ ಕಪಾಟಿನಲ್ಲಿದ್ದರೂ ಯಾರ ಕೈಗೂ ಸಿಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಪೆನ್ಸಿಲ್ಲನ್ನು ಮನೆಯಿಂದಲೇ ಚೂಪು ಮಾಡಿಕೊಂಡು ತರುವಷ್ಟು ಅಚ್ಚುಕಟ್ಟು. ನನಗೆ ಅವರೆಂದರೆ ತುಂಬಾ ಇಷ್ಟ. ಒಂದು ದಿನ ಇಡೀ ಕಟ್ಟನ್ನು ಬಿಚ್ಚಿ, ತಾರೀಖುವಾರು ಜೋಡಿಸಿ, ಅಂಚು ತಟ್ಟಿ ಸರಿಮಾಡಿ ಕೊಟ್ಟರು. ಹಾಳೆಗಳಿಗೆ ಸಂಖ್ಯೆ ಹಾಕಿರಲಿಲ್ಲ. ವಿಷಯ ತಿಳಿಸಿದಾಗ ಅವರ ಮುಖ ನೋಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು.

ಇಬ್ಬರೂ ಕೂತು ಸರಿಮಾಡಿದೆವು. ತುಕ್ಕು ಹಿಡಿದ ಗುಂಡುಸೂಜಿ ಒಂದು ಹಾಳೆಯ ಬೆನ್ನಿಗೆ ಬಿಟ್ಟ ಕಂದು ಗೆರೆ, ಮುಂದಿನ ಹಾಳೆಯ ಮುಖದ ಮೇಲೂ ಅದೇ ಜಾಗದಲ್ಲಿ ಮಾಸಲಾಗಿ ಇರುತ್ತದೆ. ಎರಡನ್ನೂ ತಾಳೆ ನೋಡಿದರೆ ಜೋಡಿ ಸಿಗುತ್ತದೆ. ಹುಳು ಕೊರೆದ ತೂತುಗಳು ಇನ್ನೂ ಒಳ್ಳೆಯ ಸಾಕ್ಷಿ. ಹುಳು ಹಾಳೆಯಿಂದ ಹಾಳೆಗೆ ಕೊರೆಯುತ್ತಾ ಹೋಗುವುದರಿಂದ ತೂತು ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಆ ದಾರಿ ಹಿಡಿದು ಹೋದರೆ ಕ್ರಮ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ತೂತು ಎಣಿಸಿದರು, ನಾನು ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕುತ್ತಾ ಹೋದೆ. ಎರಡು ದಿನ ಹಿಡಿಯಿತು.

ಒಂದು ಹಾಳೆ ಮಾತ್ರ ಎಲ್ಲಿಯೂ ಕೂರಲಿಲ್ಲ. ಅದರಲ್ಲಿ ತುಕ್ಕಿಲ್ಲ, ತೂತಿಲ್ಲ, ತಾರೀಖೂ ಇಲ್ಲ. “ಸ್ಥಾನ ಗೊತ್ತಾಗಿಲ್ಲ” ಅಂತ ಒಂದು ಚೀಟಿ ಬರೆದು, ಅದರ ಜೊತೆ ಆ ಹಾಳೆಯನ್ನು ಕಡತದ ಕೊನೆಯಲ್ಲಿ ಇಟ್ಟಿದ್ದೇವೆ. ಈಗಲೂ ಅಲ್ಲೇ ಇದೆ.